ವಿಮಾನದ ಬಾಲಕ್ಕೊಂದು ಗಾಲಿ

ವಿಮಾನಕ್ಕೆ ಗಾಲಿ ಆರಿಸುವುದು ಏನೂ ಕಷ್ಟದ ಕೆಲಸವಲ್ಲ ಎಂದು ನಾನು ನಂಬಿದ್ದೆ. ಗಾಲಿ ಅಂದಮೇಲೆ ದುಂಡಗಿರಬೇಕು, ಉರುಳಬೇಕು. ಈ ಎರಡು ಗುಣ ಇದ್ದರೆ ಸಾಕಲ್ಲ! ನಾಲ್ಕನೇ ಇಯತ್ತೆಯವರೆಗೆ ಓದಿದ ಯಾರಿಗಾದರೂ ಇಷ್ಟು ತಿಳಿಯುತ್ತದೆ. ನಾನು ನಾಲ್ಕನೇ ಇಯತ್ತೆ ಪಾಸಾದವಳು.

ನಿಮ್ಮ ಅಜ್ಜ ಸ್ವಂತ ಕೈಯಿಂದ ವಿಮಾನ ಕಟ್ಟಿದ್ದರು ಎಂದರೆ ನಿಮ್ಮ ಗೆಳೆಯರು ನಂಬುವುದಿಲ್ಲವಂತೆ. ನಂಬದಿದ್ದರೆ ಬಿಡಲಿ. ಆ ವಿಮಾನದ ಬಾಲದ ಗಾಲಿಯ ಜವಾಬ್ದಾರಿ ನಿಮ್ಮ ಅಜ್ಜಿಯ ಮೇಲಿತ್ತು ಎಂದು ಮಾತ್ರ ಅವರಿಗೆ ಹೇಳಬೇಡಿ. ಮುಂದೆ ಓದಿದರೆ ಯಾಕೆಂದು ತಿಳಿಯುತ್ತದೆ.

ಆಗ ನಾವು ದಾಸನಕೊಪ್ಪದಲ್ಲಿದ್ದೆವು. ಅರವತ್ತನೇ ಇಸವಿಯ ಆಚೀಚೆ. ನಿಮ್ಮ ಅಜ್ಜ ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ವಿಮಾನ ರಿಪೇರಿ ಮಾಡಲು ಕಲಿತರು, ಹಾರಿಸಲೂ ಕಲಿತರು. ಆಮೇಲೆ ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿದರು. ಹಗಲೆಲ್ಲ ಗಿರಣಿ, ಸಂಜೆ ವಿಮಾನ. ಗಿರಣಿಯ ಪಕ್ಕದ ತಗಡಿನ ಚಪ್ಪರದಲ್ಲಿ ಎಂಟು ವರ್ಷ ಆ ಕೆಲಸ ನಡೆಯಿತು. ಒಬ್ಬರೇ ಕೂರಬಹುದಾದ ಸಣ್ಣ ವಿಮಾನ. ಕಟ್ಟಿಗೆಯ ಮೈ, ಅದರ ಮೇಲೆ ಬಟ್ಟೆ. ಬಟ್ಟೆ ಹೊಲಿದವಳು ನಾನು. ನನ್ನ ಹೊಲಿಗೆಯನ್ನು ಅವರು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ತಪ್ಪಿದ್ದರೆ ಬೈಯುತ್ತಿರಲಿಲ್ಲ. ಕತ್ತರಿ ತೆಗೆದುಕೊಂಡು ನನ್ನ ಪಕ್ಕದಲ್ಲೇ ಕೂತು ತಾವೇ ಬಿಚ್ಚಿ ಕೊಡುತ್ತಿದ್ದರು. ಇಂಥ ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾವ ದಾರಿಯೂ ಇರುತ್ತಿರಲಿಲ್ಲ.

ನಮ್ಮ ಅತ್ತೆ, ಅಂದರೆ ಅವರ ತಾಯಿ, ಮಾತ್ರ ಆ ಕೊರತೆಯನ್ನು ತುಂಬಿಕೊಡುತ್ತಿದ್ದರು.

“ಎಂಟು ವರ್ಷಾತು. ಇಷ್ಟರಾಗ ಕೋಳಿ ಸಾಕಿದ್ರ ಸಂತಿ ತುಂಬ ತತ್ತಿ ಮಾರತಿದ್ವಿ. ನಿನ್ನ ಹಕ್ಕಿ ಇನ್ನೂ ರೆಕ್ಕಿ ಸೈತ ಬಡದಿಲ್ಲ!” ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ರೊಟ್ಟಿ ಸೇರುತ್ತಿರಲಿಲ್ಲ.

ವಿಮಾನಕ್ಕೆ ಮುಂದೆ ದೊಡ್ಡ ಗಾಲಿ ಎರಡಿದ್ದವು. ಹಿಂದೆ ಬಾಲದ ಅಡಿಗೆ ಗಾಲಿ ಇರಲಿಲ್ಲ. ತುದಿಗೆ ಕಬ್ಬಿಣ ಹೊಡೆದ ಒಂದು ಕೋಲಿತ್ತು. ವಿಮಾನ ನೆಲದ ಮೇಲೆ ಓಡುವಾಗ ಆ ಕೋಲು ಎಳೆದುಕೊಂಡು ಬರುತ್ತಿತ್ತು. ಭತ್ತದ ಕೊಯ್ಲು ಮುಗಿದ ಗದ್ದೆಗೆ ಕಲ್ಲಿನ ಉರುಳು ಎಳೆಸಿ ನೆಲ ಸಮ ಮಾಡಿ, ಒಮ್ಮೆ ಓಡಿಸಿ ನೋಡಿದರು. ವಿಮಾನದ ಹಿಂದೆ ಗದ್ದೆಯ ಈ ತುದಿಯಿಂದ ಆ ತುದಿಗೆ ಒಂದು ಸಾಲು ಬಿತ್ತು. ಪಕ್ಕದ ಮನೆಯ ಗಂಗವ್ವ ಬದುವಿನ ಮೇಲೆ ನಿಂತು ಕೂಗಿದಳು:

“ತಮ್ಮಾ, ನಮ್ಮ ಹೊಲದಾಗೂ ನಾಕ ಸಾಲು ಹೊಡದು ಕೊಡಪಾ! ಎತ್ತಿಗೆ ಒಂದಿನ ಆರಾಮ ಆಕ್ಕೈತಿ!”

ಆ ದಿನ ನೋಡಲು ಬಂದಿದ್ದ ಸರ್ಕಾರದ ಪರೀಕ್ಷಕ ಸಾಹೇಬರೂ ನಕ್ಕರು. ನಕ್ಕರೂ ಕಾಗದದಲ್ಲಿ ಕಡಕ್ಕಾಗಿಯೇ ಬರೆದರು. ಕೋಲು ತೆಗೆಯಬೇಕು. ಅದರ ಜಾಗದಲ್ಲಿ ಎಡಕ್ಕೂ ಬಲಕ್ಕೂ ತಿರುಗುವ ಗಾಲಿ ಹಾಕಬೇಕು. ಒಂದು ತಿಂಗಳ ನಂತರ ಮತ್ತೆ ಬರುತ್ತಾರೆ. ಅವರೆದುರು ವಿಮಾನ ಪೂರ್ತಿ ವೇಗದಲ್ಲಿ ನೆಟ್ಟಗೆ ಓಡಿದರೆ ಹಾರಲು ಅಪ್ಪಣೆ. ಓಡದಿದ್ದರೆ ಕಡತ ಮುಚ್ಚುತ್ತಾರೆ; ಎಂಟು ವರ್ಷದ ವಿಮಾನ ಚಪ್ಪರದಲ್ಲೇ ಧೂಳು ತಿನ್ನಬೇಕು.

ಸುಗ್ಗಿಯ ದಿನಗಳಾದ್ದರಿಂದ ಗಿರಣಿಯ ಮುಂದೆ ಚೀಲಗಳ ಸಾಲು. ನಿಮ್ಮ ಅಜ್ಜ ಬಿಟ್ಟು ಹೋಗುವಂತಿರಲಿಲ್ಲ. ನಾನು ಸಂತೆಗೆಂದು ಶಿರಸಿಗೆ ಹೊರಟಿದ್ದೆ.

“ನೀಲಾ, ಬರೂವಾಗ ಒಂದು ಗಾಲಿ ತಗೊಂಡು ಬರತೀಯೇನು?” ಎಂದು ಕೇಳಿದರು. ಒಂದು ದಾರಕ್ಕೆ ಗಂಟು ಹಾಕಿ ಅಳತೆ ಕೊಟ್ಟರು. “ಇಷ್ಟು ಎತ್ತರ. ಗಟ್ಟಿ ರಬ್ಬರ್ ಇರಬೇಕು. ಸೈಕಲ್ಲಿನಂಗ ಕಡ್ಡಿ ಇರಬಾರದು. ಒಳಗ ಬೇರಿಂಗ್ ಇರಬೇಕು. ನೆನಪ ಇರತೈತಿ?”

“ಗಾಲಿ ತರಾಕ ಇಷ್ಟ್ಯಾಕ ಹೇಳತೀರಿ!” ಎಂದು ನಾನು ದಾರವನ್ನು ಸೆರಗಿಗೆ ಕಟ್ಟಿಕೊಂಡೆ.

ಅವರು ಹೇಳಿದ್ದು ನನಗೆ ಪೂರ್ತಿ ನೆನಪಿತ್ತು. ಅದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ಶಿರಸಿಯ ಬಸ್ ನಿಲ್ದಾಣದ ಹತ್ತಿರ ಒಂದು ಸೈಕಲ್ ಅಂಗಡಿ. ಒಳಗೆ ಹೋದರೆ ಎಂಟು ಹತ್ತು ಗಂಡಸರು. ನಾನು ಪರ ಗಂಡಸರ ಜೊತೆ ಮಾತಾಡಿ ಅಭ್ಯಾಸವಿದ್ದವಳಲ್ಲ. ಬಸ್ಸಿನ ಕಂಡಕ್ಟರಿಗೆ ಊರಿನ ಹೆಸರು ಹೇಳುವುದೇ ನನಗೊಂದು ಭಾಷಣ. ತಲೆಯ ಮೇಲಿನ ಸೆರಗನ್ನು ಇನ್ನೂ ಮುಂದೆ ಎಳೆದುಕೊಂಡು ನಿಂತೆ.

“ಎಂತ ಬೇಕಿತ್ತು ಅಮ್ಮಾ?” ಅಂಗಡಿಯವರು ಕೇಳಿದರು.

“ಗಾಲಿ.”

“ಎಂತಕ್ಕೆ?”

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ವಿಮಾನಕ್ಕೆ ಎಂದು ಹೇಳಬೇಕು. ಹತ್ತು ಜನರ ಎದುರು, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡು, ವಿಮಾನಕ್ಕೆ ಎಂದು ಹೇಗೆ ಹೇಳುವುದು? ಬಾಯಿ ತಾನಾಗಿ ಬೇರೆ ಮಾತು ಆರಿಸಿಕೊಂಡಿತು.

“ಕೂಸಿನ ಗಾಡಿಗೆ.”

ಅಂಗಡಿಯವರ ಮುಖ ಅರಳಿತು. ಒಳಗಿನಿಂದ ಒಂದು ಗಾಲಿ ತಂದರು. ಆಹಾ! ಬಿಳಿ ರಬ್ಬರು, ಬೆಳ್ಳಿಯ ಎಳೆಯಂಥ ಕಡ್ಡಿಗಳು, ಬೆರಳು ತಾಗಿಸಿದರೆ ಸಾಕು, ಗಿರ್ರೆಂದು ತಿರುಗುತ್ತಿತ್ತು. ಕಡ್ಡಿ ಇರಬಾರದು ಎಂದು ಹೇಳಲು ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ.

“ಮಗು ಎಷ್ಟು ತಿಂಗಳದ್ದು?” ಎಂದು ಕೇಳಿದರು.

“ಇನ್ನೂ… ಆಗಿಲ್ಲ” ಎಂದೆ.

“ಓಹೋ! ಹಂಗಾರೆ ಇದೇ ಒಯ್ಯಿ ಅಮ್ಮಾ. ಇದಕ್ಕಿಂತ ಮೆತ್ತಗೆ ಓಡೂದು ಶಿರಸಿ ಪೇಟೆಯಲ್ಲಿ ಇಲ್ಲೆ!”

ತೆಗೆದುಕೊಂಡು ಬಂದೆ. ಇನ್ನೊಂದು ಕ್ಷಣ ನಿಂತಿದ್ದರೆ ಕೂಸಿಗೆ ಹೆಸರು ಏನಿಡುತ್ತೀರಿ ಎಂದು ಕೇಳುತ್ತಿದ್ದರೇನೋ!

ಆದರೆ ಆ ಹತ್ತು ಗಂಡಸರಲ್ಲಿ ಒಬ್ಬ ಗಂಗವ್ವನ ಮೈದುನ ಎಂಬುದು ನನಗೆ ತಿಳಿದಿರಲಿಲ್ಲ. ಸೆರಗಿನೊಳಗಿಂದ ಬರೀ ಕಾಲು ಕಾಣುತ್ತಿದ್ದವು. ಅವನು ನನಗಿಂತ ಒಂದು ಬಸ್ ಮುಂಚೆ ಊರಿಗೆ ಹೋದ. ನಾನು ದಾಸನಕೊಪ್ಪದಲ್ಲಿ ಇಳಿಯುವಷ್ಟರಲ್ಲಿ ಗಂಗವ್ವ ಕೊಬ್ಬರಿ ಬೆಲ್ಲ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅತ್ತೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಊರಿಗೆಲ್ಲಾ ಗೊತ್ತೈತಿ, ಅತ್ತಿಯಾದ ನನಗ ಮಾತ್ರ ಗೊತ್ತಿಲ್ಲ! ಒಳಗ ಬಾ ನೀ!”

ಅಡುಗೆಮನೆಗೆ ಹೋಗಿ ನಡೆದದ್ದನ್ನೆಲ್ಲ ಅಳುತ್ತ ಹೇಳಿದೆ. ಅತ್ತೆ ಗಲ್ಲದ ಮೇಲೆ ಬೆರಳಿಟ್ಟುಕೊಂಡರು.

“ವಿಮಾನಕ್ಕ ಗಾಲಿ ಬೇಕು ಅನ್ನಾಕ ನಾಚಿಗಿ, ಬಸುರಿ ಅದೀನಿ ಅನ್ನಾಕ ನಾಚಿಗಿ ಇಲ್ಲ!”

“ಈಗ ಏನ್ ಮಾಡೂದ್ರೀ ಅತ್ತಿ? ಗಂಗವ್ವಗ ಖರೇ ಹೇಳಲೇನು?”

ಅತ್ತೆ ಹೊರಗೆ ಇಣುಕಿ ನೋಡಿದರು. ಓಣಿಯ ಆ ಬದಿಯಿಂದ ಇನ್ನಿಬ್ಬರು ಹೆಂಗಸರು ಮುಚ್ಚಿದ ಪಾತ್ರೆ ಹಿಡಿದು ಬರುತ್ತಿದ್ದರು.

“ಇವತ್ತ ಬ್ಯಾಡ” ಎಂದರು ಅತ್ತೆ. “ಹೋಳಿಗಿ ವಾಸನಿ ಬರಾಕತ್ತೈತಿ.”

ನಿಮ್ಮ ಅಜ್ಜ ಗಾಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. “ಛಲೋ ಐತಿ” ಎಂದರು. ಆಮೇಲೆ ಸುಳ್ಳು ಹೇಳಲಾರದೆ, “ಕೂಸಿಗೆ ಛಲೋ ಐತಿ” ಎಂದು ತಿದ್ದಿಕೊಂಡರು. ನನ್ನ ಮನಸ್ಸಿಗೆ ನೋವಾಗಬಾರದೆಂದು ಅದನ್ನೇ ಬಾಲಕ್ಕೆ ಕಟ್ಟಿ ವಿಮಾನವನ್ನು ಒಮ್ಮೆ ತಳ್ಳಿ ತಿರುಗಿಸಿದರು. ಒಂದೇ ತಿರುವು! ಶಿರಸಿ ಪೇಟೆಯ ಅತಿ ಮೆತ್ತಗೆ ಓಡುವ ಗಾಲಿ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮಡಚಿಕೊಂಡಿತು.

“ಕಡ್ಡಿಗೆ ಮ್ಯಾಲಿನ ಭಾರ ಹೊರಾಕ ಬರತೈತಿ ನೀಲಾ. ವಿಮಾನ ತಿರಗೂವಾಗ ಬಾಲ ಅಡ್ಡಕ್ಕ ನೂಕತೈತಿ. ಆ ಏಟು ಅದಕ್ಕ ತಡಿಯಾಕ ಬರೂದಿಲ್ಲ” ಎಂದು ಸಮಾಧಾನವಾಗಿ ವಿವರಿಸಿದರು. ತಪ್ಪು ಮಾಡಿದ್ದು ನಾನಲ್ಲ, ಕಡ್ಡಿ ಎನ್ನುವ ಹಾಗೆ!

ಮರುವಾರ ನಾನೇ ಹೋಗುತ್ತೇನೆ ಎಂದು ಹಟ ಹಿಡಿದೆ. ಈ ಸಲ ಉಪಾಯ ಮಾಡಿದ್ದೆ. ಬಾಯಿಬಿಟ್ಟರೆ ತಾನೇ ತೊಂದರೆ? ಒಂದು ಚೀಟಿಯಲ್ಲಿ ಎಲ್ಲವನ್ನೂ ದುಂಡಗೆ ಬರೆದುಕೊಂಡೆ. ‘ನಮ್ಮ ಮನೆಯ ವಿಮಾನದ ಬಾಲಕ್ಕೆ ಒಂದು ಗಾಲಿ ಬೇಕು. ಗಟ್ಟಿ ರಬ್ಬರಿನದು. ಕಡ್ಡಿ ಬೇಡ. ಬೇರಿಂಗ್ ಬೇಕು. ತಮ್ಮ ವಿಶ್ವಾಸಿ.’ ಅಂಗಡಿಯವರ ಕೈಗೆ ಚೀಟಿ ಕೊಟ್ಟು ನೆಲ ನೋಡುತ್ತ ನಿಂತೆ.

ಅಂಗಡಿಯವರು ಚೀಟಿಯನ್ನು ಗಟ್ಟಿಯಾಗಿ ಓದಿದರು. ರಸ್ತೆಯ ಆಚೆ ಚಹಾ ಕುಡಿಯುತ್ತಿದ್ದವರಿಗೂ ಕೇಳುವ ಹಾಗೆ ಓದಿದರು!

ನಾನು ಓಡಿಹೋಗಲು ಕಾಲು ಎತ್ತಿದ್ದೆ. ಆದರೆ ಅಂಗಡಿಯವರು ನಗಲಿಲ್ಲ. ಕೈ ಒರೆಸಿಕೊಂಡು ಎದ್ದು ನಿಂತರು.

“ವಿಮಾನಕ್ಕೆ ಅಂತ ಆವತ್ತೇ ಹೇಳಬಾರದಿತ್ತಾ ಅಮ್ಮಾ? ಅದು ಸಣ್ಣ ವಿಷಯ ಅಲ್ಲ!”

ಚಹಾ ಕುಡಿಯುತ್ತಿದ್ದವರೂ ಒಳಗೆ ಬಂದರು. ಅಟ್ಟದ ಮೇಲಿಂದ ಗಾಲಿಗಳು ಇಳಿದವು. ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ಒಬ್ಬರು ಬೇರಿಂಗ್ ನೋಡಿದರು, ಒಬ್ಬರು ಉಗುರಿನಿಂದ ರಬ್ಬರು ಕೆರೆದರು, ಇನ್ನೊಬ್ಬರು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕಣ್ಣು ಮುಚ್ಚಿ ಕೇಳಿದರು. ಒಂದು ಗಾಲಿಯ ರಬ್ಬರಿನಲ್ಲಿ ಬಿರುಕಿತ್ತು. ಇನ್ನೊಂದರ ಅಚ್ಚಿನ ತೂತು ಸವೆದಿತ್ತು. ಕೊನೆಗೆ ಭಾರದ ಚೀಲ ಸಾಗಿಸುವ ಕೈಗಾಡಿಯ ಒಂದು ಗಾಲಿ ಎಲ್ಲರಿಗೂ ಒಪ್ಪಿಗೆಯಾಯಿತು. ಕಪ್ಪಗೆ, ಗಟ್ಟಿಯಾಗಿ, ಸಿಂಗಾರವಿಲ್ಲದೆ ಇತ್ತು. ನನ್ನ ದಾರದ ಗಂಟಿಗೆ ಸರಿಯಾಗಿ ಕೂತಿತು. ಕಾಗದದಲ್ಲಿ ಸುತ್ತಿ ಕೊಡುತ್ತ ಅಂಗಡಿಯವರು ಕೇಳಿದರು:

“ಆಯ್ತು ಅಮ್ಮಾ, ಮಗು ವಿಷಯ ಎಂತಾಯ್ತು?”

ನಾನು ಬಸ್ಸಿನ ಕಡೆ ಓಡಿದೆ.

ಗಾಲಿ ಸಿಕ್ಕಿತು, ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಕೆಲಸ ಶುರುವಾಗಿದ್ದೇ ಆಮೇಲೆ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ನಿಮ್ಮ ಅಜ್ಜ ಬಾಲದ ಅಡಿಗೆ ಕೂರಿಸಿದರು. ಅದರ ತುದಿಯಲ್ಲಿ ಒಂದು ಕೀಲು. ಗಾಲಿ ಆ ಕೀಲಿನ ಮೇಲೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಕೀಲು ಭೂಮಿಗೆ ನೆಟ್ಟಗೆ ನಿಲ್ಲಬೇಕು. ವಾಲಿದರೆ ಓಡುವಾಗ ಗಾಲಿ ನಡುಗುತ್ತದಂತೆ. ಗೋಡೆ ಕಟ್ಟುವವರ ತೂಗುಗುಂಡು ತಂದು ಕೀಲಿನ ಪಕ್ಕ ಇಳಿಬಿಟ್ಟರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ನಾನು ಕೈ ಮುಗಿದೆ.

“ಇನ್ನೂ ಆಗಿಲ್ಲ” ಎಂದರು. “ನಾ ಒಳಗ ಕುಂತ ಮ್ಯಾಲ ಪಟ್ಟಿ ಬಗ್ಗತೈತಿ. ಆವಾಗ ಕೀಲು ನೆಟ್ಟಗ ಇರಬೇಕು. ಬರೀ ವಿಮಾನಕ್ಕ ಅಳತಿ ಹಿಡದ್ರ ಏನ್ ಉಪಯೋಗ?”

“ಕುಂದರ್ರಿ ಮತ್ತ.”

“ನಾ ಕುಂತ್ರ ಕೆಳಗ ನೋಡೋರು ಯಾರು?”

ಹೀಗೆ ನಾನು ವಿಮಾನದಲ್ಲಿ ಕೂತೆ. ಊರಲ್ಲಿ ಮೊದಲು ವಿಮಾನ ಹತ್ತಿದ ಹೆಂಗಸು ನಾನೇ ಎಂದು ಹೆಮ್ಮೆಯಿಂದ ಹೇಳಬಹುದು. ಅದು ಚಪ್ಪರದ ಕೆಳಗೆ ನಿಂತಿತ್ತು ಎಂಬುದನ್ನು ಬಿಟ್ಟರೆ. ಆದರೆ ಅವರ ತೂಕಕ್ಕೆ ನನ್ನ ತೂಕ ಸಾಲಲಿಲ್ಲ. ಅತ್ತೆಯ ಬೀಸುವ ಕಲ್ಲಿನ ಮೇಲಿನ ಹೋಳನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಗಿರಣಿಯ ಹಿಟ್ಟು ಸುಟ್ಟ ವಾಸನೆ ಬರುತ್ತದೆ ಎಂದು ಮಗನ ಗಿರಣಿಯ ಪಕ್ಕದಲ್ಲೇ ಕೂತು ಕಲ್ಲಿನಲ್ಲಿ ಬೀಸುತ್ತಿದ್ದ ಮಹಾತಾಯಿ! ಕಲ್ಲು ಇಟ್ಟ ಮೇಲೆ ತೂಕ ಸರಿಹೋಯಿತು. ಕೀಲು ಮಾತ್ರ ಹಿಂದಕ್ಕೆ ವಾಲಿತ್ತು. ಪಟ್ಟಿ ಬಿಚ್ಚಿ, ಕಮ್ಮಾರರ ಕುಲುಮೆಗೆ ಒಯ್ದು, ಕಾಯಿಸಿ ಬಗ್ಗಿಸಿ ತಂದರು. ಮತ್ತೆ ನಾನು, ಮತ್ತೆ ಕಲ್ಲು, ಮತ್ತೆ ತೂಗುಗುಂಡು. ಈಗ ಮುಂದಕ್ಕೆ ವಾಲಿತು. ಮತ್ತೆ ಕುಲುಮೆ. ಹೀಗೆ ನಾಲ್ಕು ಸಂಜೆ. ನೆಲದ ಮೇಲೆ ಅಂಗಾತ ಮಲಗಿ, ಬಾಲದ ಅಡಿಯಿಂದ ಅವರು, “ಉಸರ ಬಿಗಿ ಹಿಡಿ ನೀಲಾ, ಅಳ್ಳಾಡಬ್ಯಾಡ” ಎನ್ನುತ್ತಿದ್ದರು. ಒಂದು ಗಾಲಿಗೆ ಇಷ್ಟು ಮರ್ಯಾದೆ ಕೊಟ್ಟ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ನಾಲ್ಕನೆಯ ಸಂಜೆ ಗಂಗವ್ವ ಉಪ್ಪಿನಕಾಯಿ ತಂದಳು. ಬಯಕೆ ಇರುತ್ತದಲ್ಲ, ಪಾಪ! ಚಪ್ಪರದಲ್ಲಿ ಇಣುಕಿ ನೋಡಿದರೆ ನಾನು ವಿಮಾನದಲ್ಲಿ, ನನ್ನ ತೊಡೆಯ ಮೇಲೆ ಬೀಸುವ ಕಲ್ಲು!

“ಅಯ್ಯ ಶಿವನ! ಬಸುರಿ ಹೆಂಗಸಿನ ಮ್ಯಾಲ ಕಲ್ಲು ಹೇರ್ಯಾನಲ್ಲ! ಏ ತಮ್ಮಾ, ನಿನಗ ಬುದ್ಧಿ ಐತೋ ಇಲ್ಲೋ?”

ಉಸಿರು ಬಿಗಿ ಹಿಡಿದಿದ್ದ ನಾನು ಏನು ಹೇಳಲಿ? ಬಾಲದ ಅಡಿಯಿಂದ ನಿಮ್ಮ ಅಜ್ಜನ ದನಿ ಬಂತು.

“ಸ್ವಲ್ಪ ತಡೀರಿ ಗಂಗಕ್ಕ. ಆಕಿ ಅಳ್ಳಾಡಿದ್ರ ಅಳತಿ ತಪ್ಪತೈತಿ!”

ಅಂದಿನಿಂದ ಊರಿನ ಹೆಂಗಸರು ನನ್ನನ್ನು ಕಂಡರೆ ಕಣ್ಣಲ್ಲಿ ನೀರು ತಂದುಕೊಳ್ಳತೊಡಗಿದರು. ಹೋಳಿಗೆ ಎರಡು ಪಟ್ಟು ಬರತೊಡಗಿತು. ಅತ್ತೆ ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತಲೇ ಹೋದರು.

ಅಂತೂ ಕೀಲು ನೆಟ್ಟಗೆ ನಿಂತಿತು. ಕೊನೆಯದಾಗಿ ನಿಮ್ಮ ಅಜ್ಜ ಕೀಲಿನ ಮೇಲೊಂದು ಕೆಳಗೊಂದು ಚರ್ಮದ ಬಿಲ್ಲೆ ಹಾಕಿ ನಟ್ಟು ಬಿಗಿದರು. ಗಾಲಿಗೆ ದಾರ ಕಟ್ಟಿ ಎಳೆದು ನೋಡಿ, ಒಂದಿಷ್ಟು ಬಿಗಿದು, ಮತ್ತೆ ಎಳೆದು, ಒಂದಿಷ್ಟು ಸಡಿಲಿಸಿ, ಅರ್ಧ ದಿನ ಅದೇ ಮಾಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು:

“ಇನ್ನ ಇದನ್ನ ಯಾರೂ ಮುಟ್ಟಬ್ಯಾಡ್ರಿ.”

ಯಾರೂ ಎಂದರೆ ಬೇರೆಯವರು ಎಂದು ನಾನು ತಿಳಿದೆ.

ಪರೀಕ್ಷೆಯ ದಿನ ಬೆಳಗ್ಗೆ ನಿಮ್ಮ ಅಜ್ಜ ಸಾಹೇಬರನ್ನು ಕರೆತರಲು ಬಸ್ಸಿನ ಹತ್ತಿರ ಹೋದರು. ನಾನು ವಿಮಾನಕ್ಕೆ ವಿಭೂತಿ ಹಚ್ಚಿ ಹೂವು ಏರಿಸಲು ಚಪ್ಪರಕ್ಕೆ ಹೋದೆ. ಮುಂದಿನ ಗಾಲಿಗಳಿಗೆ ಹಚ್ಚಿದೆ. ಹಿಂದಿನ ಗಾಲಿಗೆ ಹಚ್ಚುವಾಗ ಬೆರಳಿನಿಂದ ಅದನ್ನು ಆಚೆ ತಿರುಗಿಸಲು ನೋಡಿದೆ. ತಿರುಗಲಿಲ್ಲ. ಕೈಯಿಂದ ನೂಕಿದೆ. ಗೊಣಗುತ್ತ ಒಂದಿಷ್ಟು ಸರಿಯಿತು.

ಕೀಲಿಗೆ ಎಣ್ಣೆಯೇ ಬಿದ್ದಿಲ್ಲ!

ನನ್ನ ತವರುಮನೆ ಬಂಡಿ ಹೊಡೆಯುವವರದು. ನಮ್ಮಲ್ಲಿ ಬಂಡಿಯ ಅಚ್ಚಿಗೆ ದಿನಾ ಬೆಳಗ್ಗೆ ಕೀಲೆಣ್ಣೆ ಬೀಳಲೇಬೇಕು. ಹರಳೆಣ್ಣೆಯಲ್ಲಿ ಹುಲ್ಲಿನ ಬೂದಿ ಕಲಸಿದ ಕರಿ ಎಣ್ಣೆ ಅದು. ಗಾಲಿ ಕಿರ್ರೆಂದರೆ ಊರವರು, ‘ಈ ಮನೆಯಲ್ಲಿ ಹೆಣ್ಣುಮಕ್ಕಳು ಇಲ್ಲವೇ?’ ಎಂದು ಕೇಳುತ್ತಿದ್ದರು. ಎಣ್ಣೆ ಕಲಸುವುದು ನಮ್ಮ ಕೆಲಸವಾಗಿತ್ತು. ಅಂಥ ಮನೆಯ ಮಗಳ ಗಂಡ, ಸರ್ಕಾರದ ಸಾಹೇಬರ ಎದುರು, ಒಣ ಕೀಲಿನ ವಿಮಾನ ಓಡಿಸುವುದೇ? ಪಾಪ, ಅವರಿಗೆ ನೂರು ಕೆಲಸ, ಮರೆತಿದ್ದಾರೆ ಎಂದುಕೊಂಡೆ.

ಗಂಗವ್ವನ ಮನೆಯ ಬಂಡಿಯ ಕೆಳಗೆ ತೂಗಿದ್ದ ಬಿದಿರಿನ ಎಣ್ಣೆಗೊಟ್ಟ ತಂದೆ. ಎಂಟು ವರ್ಷ ಅವರ ಕೈಗೆ ಪಾನಾ ಎತ್ತಿಕೊಟ್ಟವಳಿಗೆ ಒಂದು ನಟ್ಟು ಹೆಚ್ಚೇ? ಒಂದೂವರೆ ಸುತ್ತು ಸಡಿಲಿಸಿದೆ. ಚರ್ಮದ ಬಿಲ್ಲೆಗಳು ಕುಡಿದಷ್ಟು ಎಣ್ಣೆ ಕುಡಿಸಿದೆ. ಬೇಕೆಂದು ಕೇಳಲಿಲ್ಲ, ಆದರೂ ಇನ್ನಷ್ಟು ಕುಡಿಸಿದೆ. ಈಗ ಒಂದು ಬೆರಳು ತಾಗಿಸಿದರೆ ಗಾಲಿ ಬುಗುರಿಯಂತೆ ತಿರುಗಿತು! ಅದರ ಮೇಲೆ ವಿಭೂತಿ ಹಚ್ಚಿ, ಹೂವಿಟ್ಟು, ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಮನೆಗೆ ಬಂದೆ.

ಊರೆಲ್ಲ ಗದ್ದೆಯ ಬದುವಿನ ಮೇಲೆ ನೆರೆದಿತ್ತು. ಪರೀಕ್ಷಕ ಸಾಹೇಬರು ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಕಾಗದ ಹಿಡಿದು ನಿಂತರು. ನಿಮ್ಮ ಅಜ್ಜ ಚರ್ಮದ ಟೋಪಿ ಹಾಕಿಕೊಂಡು ಹತ್ತಿದರು. ಎಂಜಿನ್ ಗುಡುಗಿತು. ವಿಮಾನ ಮೆಲ್ಲಗೆ ಹೊರಟಿತು. ಬಾಲದ ಗಾಲಿ ನೀರು ಕುಡಿದ ಹಾಗೆ ಉರುಳಿತು. ನಾನು ಗಂಗವ್ವನ ಕೈ ಹಿಸುಕಿದೆ.

ವೇಗ ಹೆಚ್ಚಾಯಿತು. ಆಗ ಬಾಲ ನಡುಗತೊಡಗಿತು.

ಮೊದಲು ಕೆಮ್ಮು ಬಂದವರ ಹಾಗೆ. ಆಮೇಲೆ ಚಳಿಜ್ವರ ಬಂದವರ ಹಾಗೆ. ಆಮೇಲೆ, ಕೆಸರಿನಿಂದ ಎದ್ದ ಎಮ್ಮೆ ಮೈ ಕೊಡವುವ ಹಾಗೆ! ಗಡಗಡಗಡ ಎಂಬ ಸದ್ದು ಎಂಜಿನ್ನನ್ನೂ ಮೀರಿ ಕೇಳಿಸಿತು. ನಿಮ್ಮ ಅಜ್ಜನ ಟೋಪಿ ಕಣ್ಣಿನ ಮೇಲೆ ಇಳಿಯಿತು. ನಾನಿಟ್ಟ ಹೂವುಗಳು ನಾಲ್ಕು ದಿಕ್ಕಿಗೆ ಹಾರಿದವು. ಅವರು ಎಂಜಿನ್ ಬಂದ್ ಮಾಡುವಷ್ಟರಲ್ಲಿ ವಿಮಾನ ಗಿರ್ರನೆ ಹಿಂದುಮುಂದಾಗಿ, ಗಂಗವ್ವನ ಹುಲ್ಲಿನ ಬಣವೆಯೊಳಗೆ ಬಾಲ ತುರುಕಿ ನಿಂತಿತು. ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವ ಬದಲು ಅವಸರದಲ್ಲಿ ಬಾಲ ಮುಚ್ಚಿಕೊಂಡ ಹಾಗಿತ್ತು!

ಬಣವೆ ಮೆತ್ತಗಿದ್ದದ್ದರಿಂದ ವಿಮಾನಕ್ಕೂ ಪೆಟ್ಟಾಗಲಿಲ್ಲ, ಅವರಿಗೂ ಆಗಲಿಲ್ಲ. ಸಾಹೇಬರು ನಡೆದುಕೊಂಡು ಬಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

“ನೋಡಿ, ನಿಮ್ಮ ಶ್ರಮ ನನಗೆ ಗೊತ್ತು. ಆದರೆ ಬಾಲದ ಜೋಡಣೆಯೇ ಸರಿಯಾಗಿಲ್ಲ. ಲೆಕ್ಕದಲ್ಲೇ ತಪ್ಪಿದೆ. ಇದಕ್ಕೆ ಹಾರಲು ಅಪ್ಪಣೆ ಕೊಟ್ಟರೆ ನನ್ನ ತಪ್ಪಾಗುತ್ತದೆ” ಎಂದು ಜೇಬಿನಿಂದ ಪೆನ್ನು ತೆಗೆದರು.

ನಿಮ್ಮ ಅಜ್ಜ ಹುಲ್ಲು ಸರಿಸಿ ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತರು. ಕೀಲಿಗೆ ಬೆರಳು ಹಚ್ಚಿದರು. ಬೆರಳು ಕಪ್ಪಾಯಿತು. ಮೂಗಿನ ಹತ್ತಿರ ಒಯ್ದು ಮೂಸಿದರು. ನಿಧಾನವಾಗಿ ತಲೆಯೆತ್ತಿ ಇಡೀ ಗುಂಪಿನಲ್ಲಿ ನನ್ನನ್ನೇ ಹುಡುಕಿ ನೋಡಿದರು. ಬಿರುಸಿನ ನೋಟವಲ್ಲ. ತಪ್ಪು ಹೊಲಿಗೆ ಕಂಡಾಗ ನೋಡುತ್ತಿದ್ದ ನೋಟ. ಆಮೇಲೆ ಬೆರಳನ್ನು ಹುಲ್ಲಿಗೆ ಒರೆಸಿ ಎದ್ದು ನಿಂತರು.

“ಹೌದ್ರೀ ಸಾಹೇಬ್ರ. ನನ್ನ ಲೆಕ್ಕಾನ ತಪ್ಪಿರಬೇಕು” ಎಂದರು.

ಎಂಟು ವರ್ಷ! ಒಂದು ಮಾತು ಹೇಳಿದರೆ ಉಳಿಯುತ್ತಿತ್ತು. ಊರೆದುರು ಹೆಂಡತಿಯ ಹೆಸರು ಬರಬಾರದೆಂದು ಆ ಮಾತನ್ನು ನುಂಗಿದರು. ಸಾಹೇಬರ ಪೆನ್ನು ಕಾಗದಕ್ಕೆ ತಾಗಿತು. ನನ್ನೊಳಗೆ ಏನಾಯಿತೋ ಇಂದಿಗೂ ತಿಳಿಯದು. ಬಸ್ಸಿನಲ್ಲಿ ಊರಿನ ಹೆಸರು ಹೇಳಲಾರದ ದನಿ ಗದ್ದೆಯ ಆ ತುದಿಯವರೆಗೆ ಹೋಯಿತು.

“ಅವರದು ತಪ್ಪಿಲ್ಲರೀ ಸಾಹೇಬ್ರ! ಕೀಲೆಣ್ಣಿ ನಾ ಹಚ್ಚೀನ್ರೀ! ನಟ್ಟೂ ನಾನ ಸಡ್ಲ ಮಾಡೀನ್ರೀ! ಮೊದಲ ಗಾಲಿ ಹಾಳಾಗಿದ್ದೂ ನನ್ನಿಂದನರೀ! ಮತ್ತ… ನಾ ಬಸುರಿನೂ ಅಲ್ರೀ!”

ಊರವರ ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು.

“ಅಮ್ಮಾ, ಕೊನೆಯದನ್ನು ಬರೆದುಕೊಳ್ಳುವ ಅಗತ್ಯ ನನಗಿಲ್ಲ” ಎಂದರು ಸಾಹೇಬರು.

“ನನಗೈತ್ರಿ!” ಎಂದಳು ಗಂಗವ್ವ. “ಎರಡ ಭರಣಿ ಉಪ್ಪಿನಕಾಯಿ ಕೊಟ್ಟೀನಿ!”

ಆಮೇಲೆ ಸಾಹೇಬರು ನನ್ನನ್ನು ಹತ್ತಿರ ಕರೆದು, ಹೆದರಬೇಡಿ, ಏನು ಮಾಡಿದಿರಿ ಹೇಳಿ ಎಂದರು. ಎಷ್ಟು ಸುತ್ತು ಸಡಿಲಿಸಿದೆ, ಎಷ್ಟು ಎಣ್ಣೆ ಹಾಕಿದೆ, ಎಲ್ಲ ಒಪ್ಪಿಸಿದೆ. ಅವರು ಗಾಲಿ ನೋಡಿ ತಲೆಯಾಡಿಸಿದರು. ಆಗ ನಿಮ್ಮ ಅಜ್ಜ ನನಗೆ ವಿವರಿಸಿದರು: ಬಂಡಿಯ ಗಾಲಿ ಅಚ್ಚಿನ ಮೇಲೆ ಉರುಳುತ್ತದೆ, ಅದಕ್ಕೆ ಎಣ್ಣೆ ಬೇಕು. ಈ ಕೀಲು ಉರುಳುವುದಕ್ಕಲ್ಲ, ಗಾಲಿಯನ್ನು ಹದ್ದುಬಸ್ತಿನಲ್ಲಿಡುವುದಕ್ಕೆ. ಒಣ ಚರ್ಮ ಬಿಗಿಯಾಗಿ ಹಿಡಿದುಕೊಂಡರೇ ಗಾಲಿ ನಡುಗುವುದಿಲ್ಲ. ಅರ್ಧ ದಿನ ಅವರು ಹುಡುಕಿದ್ದು ಆ ಬಿಗಿಯನ್ನೇ. ನಾನು ಕರಗಿಸಿದ್ದೂ ಅದನ್ನೇ!

“ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಚರ್ಮ ಹಾಕಿ. ನಾಲ್ಕು ಗಂಟೆಯ ಬಸ್ಸಿಗೆ ನಾನು ಹೋಗಬೇಕು” ಎಂದರು ಸಾಹೇಬರು.

ಸೀಮೆಎಣ್ಣೆ ಇತ್ತು. ಹೊಸ ಚರ್ಮ ಎಲ್ಲಿಂದ ಬರಬೇಕು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಅತ್ತೆ ಗುಂಪಿನೊಳಗಿಂದ ಬಂದು ಕಾಲಿನಿಂದ ಚಪ್ಪಲಿ ಕಳಚಿದರು. ಮೊನ್ನೆಯಷ್ಟೇ ಹೊಲಿಸಿದ ಜೋಡು; ಅಂಗಳದ ಆಚೆ ಇನ್ನೂ ನಡೆದಿರಲಿಲ್ಲ.

“ತಗೋ, ಕೊಯ್ಯಿ.”

“ಅವ್ವಾ, ಹೊಸಾವು…” ಎಂದರು ನಿಮ್ಮ ಅಜ್ಜ.

“ಎಂಟು ವರ್ಷ ನಿನ್ನ ಹಕ್ಕಿಗೆ ಬೈದೀನಿ. ಅದು ಹಾರದ ಹ್ವಾದ್ರ ನಾಳಿಂದ ಯಾರಿಗೆ ಬೈಯ್ಲಿ? ಕೊಯ್ಯೋ!”

ಅವರು ಕೊಯ್ದರು. ಎರಡು ಬಿಲ್ಲೆ ಕತ್ತರಿಸಿ, ತೊಳೆದ ಕೀಲಿಗೆ ಹಾಕಿ, ನಟ್ಟು ಬಿಗಿದು, ದಾರ ಕಟ್ಟಿ ಎಳೆದರು. ಅಷ್ಟು ಜನ ನೋಡುತ್ತಿದ್ದರೂ, ಬಸ್ಸಿನ ಹೊತ್ತಾಗುತ್ತಿದ್ದರೂ, ಒಂದಿಷ್ಟು ಬಿಗಿದು, ಒಂದಿಷ್ಟು ಸಡಿಲಿಸಿ, ಮನಸ್ಸಿಗೆ ಬರುವವರೆಗೆ ಬಿಡಲಿಲ್ಲ. ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟು ಆ ಕೈಗಳನ್ನೇ ನೋಡುತ್ತ ನಿಂತಿದ್ದರು. ನಾನು ಹತ್ತು ಮಾರು ದೂರ ನಿಂತಿದ್ದೆ. ದೂರ ನಿಲ್ಲು ಎಂದು ಯಾರೂ ಹೇಳಿರಲಿಲ್ಲ.

ಎರಡನೆಯ ಸಲ ವಿಮಾನ ಹೊರಟಾಗ ಊರು ಉಸಿರು ಬಿಗಿಹಿಡಿಯಿತು. ವೇಗ ಏರಿತು, ಇನ್ನೂ ಏರಿತು. ಸುಣ್ಣದ ದಾರ ಹೊಡೆದು ಗೆರೆ ಎಳೆದ ಹಾಗೆ ಗದ್ದೆಯ ಉದ್ದಕ್ಕೂ ಓಡಿತು. ಕೊನೆಯಲ್ಲಿ ಬಾಲ ತಾನಾಗಿ ನೆಲದಿಂದ ಎದ್ದಿತು. ಗಾಲಿ ಗಾಳಿಯಲ್ಲಿ ಸುಮ್ಮನೆ, ಒಂದಿಷ್ಟೂ ಅಲುಗದೆ ನಿಂತಿತ್ತು. ಅಷ್ಟು ಚೆಂದದ ವಸ್ತುವನ್ನು ನಾನು ನೋಡಿಲ್ಲ. ಬರಿಗಾಲಿನಲ್ಲಿ ನಿಂತಿದ್ದ ಅತ್ತೆ, “ನನ್ನ ಚಪ್ಪಲಿ ನೋಡ್ರಿ, ಹೆಂಗ ಹೊಂಟಾವು!” ಎಂದು ಕೂಗಿದರು.

ಸಾಹೇಬರು ಕಾಗದ ಬರೆದು ಸಹಿ ಹಾಕಿ, ನಿಮ್ಮ ಅಜ್ಜನ ಕೈ ಕುಲುಕಿ ಬಸ್ ಹತ್ತಿದರು. ಕಾಗದ ಇಂಗ್ಲಿಷಿನಲ್ಲಿತ್ತು. ಊರವರೆಲ್ಲ ಸುತ್ತ ನಿಂತು, ಏನು ಬರೆದಿದ್ದಾರೆ ಓದು ಎಂದು ಗಂಟುಬಿದ್ದರು. ನಿಮ್ಮ ಅಜ್ಜ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ನನ್ನ ಕಡೆ ನೋಡಿದರು. ಆಮೇಲೆ ಬೇಡವೆಂದರೂ ಬಿಡದ ನಗುವನ್ನು ತಡೆಯುತ್ತ ಕನ್ನಡದಲ್ಲಿ ಓದಿ ಹೇಳಿದರು:

“ದೋಷ: ಬಾಲದ ಗಾಲಿಯ ನಡುಕ. ಕಾರಣ: ಬಂಡಿಯ ಎಣ್ಣೆ, ಮತ್ತು ಮಾಲೀಕರ ಪತ್ನಿ. ಪರಿಹಾರ: ಎರಡನ್ನೂ ವಿಮಾನದಿಂದ ದೂರ ಮಾಡಲಾಗಿದೆ. ಈಗ ಹಾರಲು ಯೋಗ್ಯ.”

ಸರ್ಕಾರದ ಕಾಗದದಲ್ಲಿ ನನ್ನ ವಿಷಯ ಬಂದದ್ದು ಆಯುಷ್ಯದಲ್ಲಿ ಅದೊಂದೇ ಸಲ. ಅದೂ ಎಣ್ಣೆಯ ನಂತರ, ಎರಡನೆಯ ಸ್ಥಾನದಲ್ಲಿ!